ಕಂಪ್ಯೂಟರ್ ಕೇಳಿದ ಮೊದಲ ಚೀಲ

ಆಳಂದ
ಶ್ರಾವಣ ಸೋಮವಾರ, ೧೯೯೬

ಒಂದೇ ಹಲಗೆಯಲ್ಲಿ ಅಕ್ಷರ ತಿದ್ದಿದ ಗೆಳತಿ ಬದರುನ್ನಿಸಾಳಿಗೆ ಗುರುಬಾಯಿಯ ಶರಣು.

ಸೊಲ್ಲಾಪುರದಲ್ಲಿ ಮಗಳ ಮನೆಯಲ್ಲಿ ಸುಖವಾಗಿದ್ದೀಯೆಂದು ನಂಬಿದ್ದೇನೆ. ಈ ಸಂಗತಿಯನ್ನು ನಿನ್ನ ತಮ್ಮ ಖಾದರಸಾಬ ನಿನಗೆ ಬರೆಯುವುದಿಲ್ಲ. ಗೋದಾಮಿನ ಕೀಲಿ ಕಾಯುತ್ತಾ ಕಾಯುತ್ತಾ ಅವನ ಬಾಯಿಗೂ ಬೀಗ ಬಿದ್ದಿದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಪೂರ್ತಿ ಓದು, ನಡುವೆ ಎದೆ ಒಡೆದುಕೊಳ್ಳಬೇಡ.

ನಮ್ಮ ದಾಲ್ ಮಿಲ್ಲಿಗೆ ಕಂಪ್ಯೂಟರ್ ಬಂದಿದೆ. ಸಾವಕಾರ ಶಾಂತಲಿಂಗಪ್ಪನವರ ಮಗ, ಹೈದರಾಬಾದಿನಲ್ಲಿ ಓದಿ ಬಂದ ಶಿವರಾಯರು ತರಿಸಿದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಗೋದಾಮುಗಳ ತೊಗರಿ, ಬೇಳೆ, ಖರೀದಿ, ಮಾರಾಟ ಎಲ್ಲ ಒಂದೇ ಕಡೆ ಕಾಣಬೇಕಂತೆ. ಅದನ್ನು ಹೊಂದಿಸಲು ಹುಬ್ಬಳ್ಳಿಯಿಂದ ಉಮಾ ಎಂಬ ಹುಡುಗಿ ಬಂದಿದ್ದಾಳೆ. ಬೇಳೆ ಹಸನು ಮಾಡುವ ಹೆಂಗಸರಲ್ಲಿ ನನಗೊಬ್ಬಳಿಗೇ ಆ ಕಂಪ್ಯೂಟರ್ ಕೋಣೆಯ ಹುಚ್ಚು. ಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಜೇವರ್ಗಿಯ ತೊಗರಿ ಇಲ್ಲಿ ಹೇಗೆ ಕಾಣುತ್ತದವ್ವಾ ಎಂದು ಕೇಳಿದೆ. ಬಸ್ಸಿನಲ್ಲಿ ಬಂದಿದ್ದ ಕರಿಯ ಫ್ಲಾಪಿಯೊಂದನ್ನು ನನ್ನ ಅಂಗೈಯಲ್ಲಿಟ್ಟು, "ಇಡೀ ಜೇವರ್ಗಿ ಗೋದಾಮು ಇದರಾಗ ಐತ್ರೀ ಅವ್ವಾರ" ಅಂದಳು. ಅಂಗೈ ಮೇಲಿನ ಲಿಂಗದಲ್ಲಿ ಜಗತ್ತನ್ನೇ ಕಾಣು ಎಂದು ಕಲಿಸಿದ ಮನೆಯವಳು ನಾನು. ಆದರೂ ತಿರುಗಿಸಿ ತಿರುಗಿಸಿ ನೋಡಿದೆ. ತೂಕವೇ ಇಲ್ಲ!

ಪೇಚು ಬಂದದ್ದು ನಮ್ಮ ಗೋದಾಮಿನ ಮೂಲೆಯ ಚೀಲದಿಂದ. ರಾಶಿಯ ಮೊದಲ ತೊಗರಿ ಚೀಲಕ್ಕೆ ಅರಿಶಿನ ಕುಂಕುಮ ಹಚ್ಚಿ ಇಡುತ್ತೇವಲ್ಲ, ಅದೇ. ಮುಂದಿನ ವರ್ಷದ ಹೊಸ ತೊಗರಿ ಬರುವವರೆಗೆ ಅದನ್ನು ಯಾರೂ ಎತ್ತುವುದಿಲ್ಲ. ಆಮೇಲೆ ಅದು ಘತ್ತರಗಿಗೆ, ಭಾಗ್ಯವಂತಿಯ ಗುಡಿಯ ಅನ್ನದಾನಕ್ಕೆ. ಆದರೆ ಕಂಪ್ಯೂಟರಿಗೆ ಕಲಿಸಿದ್ದು ಮೊದಲು ಬಂದದ್ದು ಮೊದಲು ಹೋಗಬೇಕೆಂದು. ಗಿರಣಿಗೆ ಮಾಲು ಬಿಡುವ ಚೀಟಿ ತೆಗೆದಾಗಲೆಲ್ಲ ಮೇಲಿನ ಸಾಲಿನಲ್ಲಿ ಅದೇ ಚೀಲದ ನಂಬರು. ಅದನ್ನು ಬಿಟ್ಟಾಗಿದೆ ಎನ್ನುವವರೆಗೆ ಮುಂದಿನ ಚೀಟಿ ಹೊರಡುವುದಿಲ್ಲ. ಗಿರಣಿ ನಿಂತಿತು. ಹಮಾಲ ಅಂಬಾರಾಯ, "ಏ ಖಾದರ್, ನಿನ್ನ ಮಷೀನಿಗಿ ಎಷ್ಟ ಹಸಿವಲೇ? ದೇವಿ ಪಾಲೇ ಬೇಕಂತದ!" ಎಂದು ಎಲ್ಲರನ್ನೂ ನಗಿಸಿದ. ನಿನ್ನ ತಮ್ಮ ನಗಲಿಲ್ಲ. ಆ ನಂಬರಿನ ಮುಂದೆ 'ಬಿಟ್ಟಾಗಿದೆ' ಎಂದು ಬರೆದು ಕೊಟ್ಟು, ಚೀಲವನ್ನು ಮುಟ್ಟದೆ ಉಳಿದವನ್ನಷ್ಟೇ ಕಳಿಸಿದ. ಮಾಳಿಗೆ ಸೋರುತ್ತಿತ್ತೆಂದು ಚೀಲಕ್ಕೆ ತಾಡಪತ್ರಿ ಹೊದಿಸಿದ.

ತಿಂಗಳ ತಪಾಸಣೆಗೆ ಶಿವರಾಯರೇ ಬಂದರು, ಜೊತೆಗೆ ಪಟ್ಟಿ ಹಿಡಿದು ಉಮಾ. ಯಂತ್ರದ ಪ್ರಕಾರ ಹೋಗಿಬಿಟ್ಟ ಚೀಲ ತಾಡಪತ್ರಿಯ ಕೆಳಗೆ ಸಿಕ್ಕಿತು.

"ಯಾರಿಗಿ ಮಾರಬೇಕಂತ ಮುಚ್ಚಿಟ್ಟೀದಿ?" ಅಂದರು, ಎಲ್ಲರೆದುರು.

ಖಾದರಸಾಬ ಸೊಂಟದ ಕೀಲಿ ಗೊಂಚಲು ಬಿಚ್ಚಿ ಅವರ ಕೈಗೆ ಕೊಟ್ಟ. "ತಾಯಿ ಮಾಲದ್ರಿ. ಎತ್ತಾಕ ನನ್ನ ಕೈ ಬರಂಗಿಲ್ಲ. ಬ್ಯಾರೆಯವರನ್ನ ಇಟಗೋರಿ."

ಬದರೂ, ನನಗೆ ಸುಮ್ಮನೆ ಕೂಡಲಾಗಲಿಲ್ಲ. ಮೊರ ಕೆಳಗಿಟ್ಟು ಹೋಗಿ ತಾಡಪತ್ರಿ ಪೂರ್ತಿ ಎಳೆದುಹಾಕಿದೆ. "ನೋಡ್ರಿ ಧಣಿ, ನಿಮ್ಮವ್ವಾರು ಹೀರಾಬಾಯೇರ ಕೈಲೆ ಹಚ್ಚಿದ ಕುಂಕುಮ. ಕದಿಯಾವ ಮೊದಲು ಇದನ್ನ ಒರಸ್ತಿದ್ದ" ಅಂದೆ. ಅವರು ಬಗ್ಗಿ ಆ ಕುಂಕುಮವನ್ನು ನೋಡಿದರು.

ಉಮಾ ಮೆಲ್ಲಗೆ, "ಹಂಗಾರ ಈ ಚೀಲ ಕಂಪನೀದು ಅಲ್ರಿ. ಮಾಲೀಕರು ಯಾರಂತ ಹಾಕಲಿ?" ಅಂದಳು. ಹೆಸರಿಲ್ಲದ ಮಾಲನ್ನು ಯಂತ್ರ ಒಪ್ಪುವುದಿಲ್ಲವಂತೆ. ಎಲ್ಲರೂ ಅವಳ ಹಿಂದೆ ಕಂಪ್ಯೂಟರ್ ಕೋಣೆಗೆ ಹೋದೆವು. ನಾನು, "ಭಾಗ್ಯವಂತಿ" ಅಂದೆ. ವಿಳಾಸ? ಭೀಮಾ ದಂಡೆ, ಘತ್ತರಗಿ. ಅವಳು ಅಕ್ಷರ ಒತ್ತುತ್ತಾ ಹೋದಳು, ಪರದೆಯ ಮೇಲೆ ತಾಯಿಯ ಹೆಸರು ಹಸಿರಾಗಿ ಮೂಡಿತು. ನಾನು ಅಲ್ಲೇ ಕೈಮುಗಿದೆ. ಕರೆಂಟು ಹೋದಾಗ ಆ ಹೆಸರು ಎಲ್ಲಿರುತ್ತದೋ, ಉಮಾಳನ್ನು ಇನ್ನೂ ಕೇಳಬೇಕಾಗಿದೆ.

ಪರದೆಯಲ್ಲಿ ಇನ್ನೊಂದು ಜಾಗ ಖಾಲಿ ಇತ್ತು. ಈ ಚೀಲ ಯಾರ ಹುಕುಂ ಮೇಲೆ ಹೊರಗೆ ಹೋಗಬೇಕು? ಎಲ್ಲರೂ ಶಿವರಾಯರ ಮುಖ ನೋಡಿದರು. ಅವರು ಕೀಲಿ ಗೊಂಚಲನ್ನು ನಿನ್ನ ತಮ್ಮನ ಕೈಗೆ ಮರಳಿ ಇಟ್ಟು, "ಖಾದರಸಾಬ ಅಂತ ಬರಿಯವ್ವಾ" ಅಂದರು.

ಈಗ ಸಾವಕಾರರೇ ಬಂದು ಕೇಳಿದರೂ, ಅವನು ಹೂಂ ಅನ್ನದೆ ಆ ಚೀಲ ಅಲುಗುವುದಿಲ್ಲ.

ತಮ್ಮನಿಗೆ ಎರಡು ಸಾಲು ಬರೆ. ನಾನು ತಿಳಿಸಿದೆನೆಂದು ಮಾತ್ರ ಬರೆಯಬೇಡ, ನಾಚಿಕೊಳ್ಳುತ್ತಾನೆ. ನಿನ್ನ ಒಲೆ ಎಂದೂ ತಣ್ಣಗಾಗದಿರಲಿ, ಮೊಮ್ಮಕ್ಕಳು ನೂರು ಸುಗ್ಗಿ ಕಾಣಲಿ.

ನಿನ್ನ
ಗುರುಬಾಯಿ