ಹೊಸ ಮನುಷ್ಯನ ಮೊದಲ ಕೆಲಸ

ತಮ್ಮಾ,

ಆಸ್ಪತ್ರೆ ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ. ತಟ್ಟೆ ತೊಳೆದಿಡು, ಹೊಸ ಮನುಷ್ಯನಿಗೂ ಕೈ ಇದೆ.

ನಿನ್ನೆ ಚರ್ಚಲ್ಲಿ ಸಾಕ್ಷಿ ಹೇಳ್ತಾ, "ಕುಡಿದು ಲಾರಿ ಓಡಿಸ್ತಿದ್ದ ಹಳೇ ಮನುಷ್ಯ ಸತ್ತ, ಕ್ರಿಸ್ತನ ಜೊತೆ ಹೊಸಬನಾಗಿ ಎದ್ದಿದ್ದೀನಿ" ಅಂದೆ. ಎಲ್ಲರೂ ಆಮೆನ್ ಅಂದ್ರು. ಹಿಂದಿನ ಬೆಂಚಲ್ಲಿ ಕೂತಿದ್ದ ಟೈಲರಮ್ಮ ಅನ್ನಲಿಲ್ಲ. ನಿನ್ನ ಲಾರಿಗೆ ಸಿಕ್ಕಿ ಸತ್ತ ಅವರ ಮಗಳು ಇನ್ನೂ ಎದ್ದಿಲ್ಲ.

ಇವತ್ತು ಅವರ ಮನೆಗೆ ಹೋಗು. ಬೈಬಲ್ ಇಲ್ಲೇ ಇರಲಿ, ವಾಕ್ಯ ಹೇಳಬೇಡ. ಒಳಗೆ ಕರೀದಿದ್ರೆ ಮೆಟ್ಟಿಲ ಹತ್ರ ನಿಂತಿರು. ಬೈದ್ರೆ ಬೈಸ್ಕೋ.

ಸಮಾಧಿಯಿಂದ ಎದ್ದ ಯೇಸುಸ್ವಾಮೀನೂ ಕೈಯ ಗಾಯ ಮುಚ್ಚಿಡಲಿಲ್ಲ ಕಣೋ, ಮುಂದೆ ಚಾಚಿ ತೋರಿಸಿದ್ರು. ನೀನೂ "ನಾನೇ ಕೊಂದಿದ್ದು" ಅಂತ ಹೇಳು. ಸತ್ತೋದ ಹಳೇ ಮನುಷ್ಯನ ತಲೆಗೆ ಕಟ್ಟಬೇಡ.

ಅಕ್ಕ