ಬೀರುವಿನೊಳಗಿನ ಟ್ರಂಪೆಟ್

ಮನೆಯಿಂದ, ಮೂರನೇ ಮಹಡಿ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ತುಟಿಯ ಬಾವು ಇಳಿಯಿತೇ? ಆ ಮುರುಕು ಹಲ್ಲು ಮತ್ತೆ ಚುಚ್ಚುತ್ತಿದೆ ಎಂದಿದ್ದೆಯಲ್ಲ, ವೈದ್ಯರಿಗೆ ತೋರಿಸಿದೆಯೋ ಇಲ್ಲ ನಾಳೆ ನಾಳೆ ಎಂದು ದಿನ ದೂಡುತ್ತಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ ಎಂದು ನಾನು ಕೇಳುವುದಿಲ್ಲ, ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋ ನೋಡಿದ್ದೇನೆ. ಟ್ರಂಪೆಟ್ಟೇ ನಿನಗಿಂತ ದಪ್ಪಗೆ ಕಾಣಿಸುತ್ತದೆ. ಇಲ್ಲಿ ನಾನು ಆರಾಮ. ನಿನ್ನ ಭಾವನೂ ಆರಾಮ, ಮಂಡಿನೋವು ಮತ್ತು ನನ್ನ ಮೇಲಿನ ಸಿಟ್ಟು ಎರಡನ್ನು ಬಿಟ್ಟರೆ. ಆ ಸಿಟ್ಟು ಯಾಕೆ ಎನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ಹಲ್ಲು ಕಿರಿಯಬೇಡ. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಮೊದಲ ಸಲ ‘ಅಕ್ಕಾ, ನಿಂಗೆ ನಿದ್ದೆ ಸಾಲ್ತಿಲ್ಲ, ಹೋಗಿ ಮಲ್ಕೋ’ ಅಂದೆ. ಎರಡನೇ ಸಲ ನಗೋಕೇ ಶುರು ಮಾಡಿದೆ. ಕಾಗದವಾದರೆ ನಗುವ ಮೊದಲು ಓದಲೇಬೇಕಲ್ಲ, ಅದಕ್ಕೇ ಶುಕ್ರವಾರ ನೀನು ಬಂದಿಳಿಯುವ ಹೋಟೆಲಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಶನಿವಾರದ ಕಾರ್ಯಕ್ರಮಕ್ಕೆ ಹೋಗಬೇಡ. ತುಟಿ ಬಾತಿದೆ ಎನ್ನು, ಅಕ್ಕ ಹಾಸಿಗೆ ಹಿಡಿದಿದ್ದಾಳೆ ಎನ್ನು, ಬಾಯಿಗೆ ಬಂದ ಸುಳ್ಳು ಹೇಳಿ ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದುಬಿಡು. ಆ ವೇದಿಕೆ ಹತ್ತಿದರೆ ನೀನು ಇಳಿಯುವುದಿಲ್ಲ ಎಂದು ನನಗೆ ಭಯವಾಗಿದೆ. ಯಾಕೆ ಎಂದು ಬರೆಯುತ್ತೇನೆ, ಪುಟ ಹಾರಿಸದೆ ಓದು.

ಕೋಟಿನ ಬೀರು ನೆನಪಿದೆ ತಾನೆ? ಮರೆತಿದ್ದರೆ ನೀನು ನನ್ನ ತಮ್ಮನೇ ಅಲ್ಲ. ಅಪ್ಪ ಬೇಕರಿಯ ಒಲೆ ಹೊತ್ತಿಸಲು ಊರು ಏಳುವ ಮೊದಲೇ ಹೋಗುತ್ತಿದ್ದರು, ಸಂಜೆ ದೀಪ ಹಾಕುವ ಹೊತ್ತಿಗೆ ಅವರಿಗೆ ಗಾಢ ನಿದ್ದೆ. ಕೆಳಗಿನ ಮನೆಯಲ್ಲಿ ಗುಡುಗಪ್ಪ. ನಾವಿಬ್ಬರೂ ಸೇರಿ ಇಟ್ಟ ಆ ಹೆಸರೇ ಗಟ್ಟಿಯಾಗಿ ಅವರ ನಿಜವಾದ ಹೆಸರು ಈಗ ನನಗೂ ನೆನಪಿಲ್ಲ. ನೀನು ಒಂದು ಸ್ವರ ಊದುವುದೇ ತಡ, ಅವರು ಪೊರಕೆಯ ಹಿಡಿಯಿಂದ ಕೆಳಗಿನಿಂದ ಕುಟ್ಟುತ್ತಿದ್ದರು, ನಮ್ಮ ಲೋಟಗಳೆಲ್ಲ ನಡುಗುತ್ತಿದ್ದವು. ಅಪ್ಪ ಎದ್ದರೆ ಒಂದು ರಾಮಾಯಣ, ಗುಡುಗಪ್ಪ ಮೆಟ್ಟಿಲು ಹತ್ತಿ ಬಂದರೆ ಇನ್ನೊಂದು. ಆಗ ಅಮ್ಮನೇ ಮಲಗಿದಲ್ಲಿಂದ ದಾರಿ ತೋರಿಸಿದಳು. ‘ಬೀರು ಬಾಗ್ಲು ತೆಗ್ದು ಕೋಟುಗಳ ಮಧ್ಯೆ ಊದೋ. ಉಣ್ಣೆ ಎಲ್ಲಾನೂ ನುಂಗ್ಕೊಳ್ಳುತ್ತೆ.’ ಅಂದಿನಿಂದ ನೀನು ಸಂಜೆ ಸಂಜೆ ತಲೆಯನ್ನು ಬೀರುವಿನೊಳಗೆ ತೂರಿಸಿ, ಅಮ್ಮನ ಬೂದು ಕೋಟಿಗೂ ಅಪ್ಪನ ಉದ್ದ ಕೋಟಿಗೂ ನಡುವೆ ಟ್ರಂಪೆಟ್ಟಿನ ಬಾಯಿ ಒತ್ತಿ ಊದುತ್ತಿದ್ದೆ. ಹಿಂದಿನಿಂದ ನೋಡಿದರೆ ಬೀರು ಒಬ್ಬ ಹುಡುಗನನ್ನು ಅರ್ಧ ನುಂಗಿ ಬಿಟ್ಟ ಹಾಗೆ ಕಾಣುತ್ತಿತ್ತು.

ಅಮ್ಮನ ಮಂಚ ಬೀರು ಒರಗಿದ್ದ ಗೋಡೆಗೇ ಆ ಕಡೆಯಿಂದ ತಾಗಿತ್ತು. ದಮ್ಮು ಕಟ್ಟಿದ ಅವಳಿಗೆ ಕೂಗಿ ಹೇಳುವ ಶಕ್ತಿ ಇರಲಿಲ್ಲ. ಹೊಲಿಗೆ ಬಿಟ್ಟ ಮೇಲೂ ಬೆರಳಿನಿಂದ ತೆಗೆಯದೆ ಇಟ್ಟುಕೊಂಡಿದ್ದ ಆ ಹಿತ್ತಾಳೆಯ ಟೊಪ್ಪಿಯಿಂದ, ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕುತ್ತೇವಲ್ಲ ಅದರಿಂದ, ಗೋಡೆಗೆ ಬಡಿಯುತ್ತಿದ್ದಳು. ಒಂದು ಬಡಿತವೆಂದರೆ ಚೆನ್ನಾಗಿದೆ. ಎರಡು ಎಂದರೆ ಇನ್ನೊಂದು ಸಲ ಊದು. ಮೂರು ಎಂದರೆ ಸಾಕು, ನನ್ನ ಹತ್ತಿರ ಬಾ. ಮೂರು ಬಡಿತ ಕೇಳಿದರೆ ಸಾಕು, ನೀನು ಸ್ವರವನ್ನು ಅರ್ಧಕ್ಕೇ ಕತ್ತರಿಸಿ, ಟ್ರಂಪೆಟ್ಟನ್ನು ಬೀರುವಿನ ಹಲಗೆಯ ಮೇಲೆ ಟಕ್ಕೆಂದು ಇಟ್ಟು ಓಡುತ್ತಿದ್ದೆ. ಯಾರಪ್ಪನ ಮಾತಿಗೂ ಜಗ್ಗದ ಹಟಮಾರಿ, ಆ ಮೂರು ಬಡಿತಕ್ಕೆ ಮಾತ್ರ ಒಂದು ದಿನವೂ ಎದುರಾಡಲಿಲ್ಲ. ಒಮ್ಮೆ ನಿನ್ನನ್ನು ಆಟ ಆಡಿಸೋಣವೆಂದು ನಾನೇ ಚಮಚದಿಂದ ಎರಡು ಬಡಿದೆ. ನೀನೇನೋ ಊದಿದೆ, ಆದರೆ ಊಟಕ್ಕೆ ಕೂತಾಗ ‘ಅದು ನೀನೇ ಕಣಕ್ಕಾ, ನಿನ್ನ ಬಡಿತಕ್ಕೆ ಯಾವಾಗ್ಲೂ ಅವಸರ’ ಎಂದು ನನ್ನ ತಟ್ಟೆಯಲ್ಲಿದ್ದುದನ್ನೂ ಕಿತ್ತುಕೊಂಡು ತಿಂದೆ.

ಆಮೇಲಿನದು ಊರಿಗೆಲ್ಲ ಗೊತ್ತು. ಹೋಟೆಲಿನ ಊಟದ ಕೋಣೆಯಲ್ಲಿ ಬ್ಯಾಂಡಿನ ಮೂಲೆಯ ಕುರ್ಚಿ, ಆಮೇಲೆ ಹಡಗಿನ ಬ್ಯಾಂಡು, ಆಮೇಲೆ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದು. ಇವನ ಕಥೆ ಮುಗಿಯಿತು ಎಂದು ಎಲ್ಲರೂ ಲೊಚಗುಟ್ಟಿದರು, ನಾನು ಅತ್ತೆ. ಆದರೆ ಆ ಹಲ್ಲಿನ ಸಂದಿಯಿಂದ ಸೋರುವ ಗಾಳಿಯೇ ನಿನ್ನ ಗುರುತಾಯಿತು ನೋಡು: ಮೊದಲು ಉಸಿರು, ಅದರ ಬೆನ್ನಿಗೇ ಸ್ವರ. ಬೇರೆಯವರು ಟ್ರಂಪೆಟ್ ಊದಿದರೆ ಬೀದಿ ತಿರುಗಿ ನೋಡುತ್ತದೆ, ನೀನು ಊದಿದರೆ ಪಕ್ಕದಲ್ಲಿ ಕೂತು ಯಾರೋ ಗುಟ್ಟು ಹೇಳಿದ ಹಾಗಿರುತ್ತದೆ. ಜಾಝ್ ಬಲ್ಲವರು ಅದಕ್ಕೆ ಏನೇನೋ ದೊಡ್ಡ ಹೆಸರು ಕೊಡುತ್ತಾರೆ. ಅದು ಉಣ್ಣೆಯ ಕೋಟುಗಳೊಳಗೆ ಬೆಳೆದ ಸ್ವರ ಎಂದು ಅವರಿಗೇನು ಗೊತ್ತು. ಮತ್ತೆ ಪ್ರತಿ ಹಾಡಿನ ಕೊನೆಗೆ ಟ್ರಂಪೆಟ್ಟನ್ನು ತುಟಿಯಿಂದ ತೆಗೆಯದೆ ಕಣ್ಣುಮುಚ್ಚಿ ನಿಲ್ಲುತ್ತೀಯಲ್ಲ, ಜನ ಚಪ್ಪಾಳೆ ಹೊಡೆಯಲೂ ಅಂಜಿ ಉಸಿರು ಬಿಗಿಹಿಡಿದು ಕೂರುತ್ತಾರಲ್ಲ, ಅದನ್ನು ಒಬ್ಬರು ‘ಧ್ಯಾನ’ ಎಂದು ಬರೆದಿದ್ದರು. ಧ್ಯಾನವಂತೆ, ಧ್ಯಾನ! ನೀನು ಅಮ್ಮನ ಬಡಿತಕ್ಕೆ ಕಾಯುತ್ತೀಯ ಕಣೋ. ಅಮ್ಮ ಹೋಗಿ ಇಷ್ಟು ವರ್ಷವಾದರೂ, ಎಷ್ಟೇ ದೊಡ್ಡ ಸಭೆಯಲ್ಲಿ ನಿಂತರೂ ಕಾಯುತ್ತೀಯ. ನೀನು ಬಾಯಿಬಿಟ್ಟು ಹೇಳಿಲ್ಲ, ನಾನು ಕೇಳಿಲ್ಲ.

ಹೋದ ತಿಂಗಳು ಆ ಕೋಟುಗಳಿಗೆ ನುಸಿ ಹಿಡಿಯಿತು. ಮುಟ್ಟಿದರೆ ಪುಡಿಪುಡಿ. ಎಷ್ಟು ದಿನವೆಂದು ಇಟ್ಟುಕೊಳ್ಳುವುದು? ಎಲ್ಲವನ್ನೂ ಗಂಟು ಕಟ್ಟಿ ಚಿಂದಿಯವನಿಗೆ ಕೊಟ್ಟೆ, ಬೀರುವನ್ನು ಒರೆಸಿ ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟೆ. ಅಷ್ಟೇ ನಾನು ಮಾಡಿದ್ದು. ಅವತ್ತು ಸಂಜೆ ಅಮ್ಮನ ಬೆರಳಟೊಪ್ಪಿ ಹಾಕಿಕೊಂಡು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಾ ಕೂತಿದ್ದೆ, ಬೀರುವಿನೊಳಗಿನಿಂದ ಒಂದು ಸ್ವರ ಬಂತು. ಒಡಕು ಸ್ವರ. ಟ್ರಂಪೆಟ್ ಕೈಗೆ ಸಿಕ್ಕ ಹೊಸದರಲ್ಲಿ ನೀನು ಊದುತ್ತಿದ್ದೆಯಲ್ಲ, ಕರು ತಾಯಿಯನ್ನು ಕರೆದ ಹಾಗೆ, ಅದೇ. ಸೂಜಿ ಅಲ್ಲಿಯೇ ನಿಂತಿತು. ಮತ್ತೊಮ್ಮೆ ಬಂತು, ಮತ್ತೊಮ್ಮೆ ಒಡೆಯಿತು. ನಡುವೆ ನಿನ್ನ ಮೂಗು ಸೊರಸೊರ ಎಂದಿದ್ದೂ ಕೇಳಿಸಿತು.

ನಿನ್ನ ಭಾವ ಮೊದಲು ಇಲಿ ಎಂದರು. ಬೋನು ತಂದಿಟ್ಟರು. ಇಲಿ ಸ್ವರ ಹಿಡಿದು ಊದುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ‘ಎಲ್ಲಿಂದಲೋ ರೇಡಿಯೋ ಸದ್ದು ಬರ್ತಿರಬೇಕು’ ಎಂದರು. ಬಸ್ಸು ಡಿಪೋಗೆ ಬರುವಾಗಲೇ ಎಂಜಿನ್ನಿನ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುವ ಮೆಕ್ಯಾನಿಕ್ ಅವರು, ಕಿವಿಯ ಬಗ್ಗೆ ಜಂಬ. ಒಂದು ಸಂಜೆ ಬೀರುವಿನೊಳಗೆ ತಲೆ ಹಾಕಿ ಕಿವಿಗೊಟ್ಟರು. ತಲೆ ಹೊರಗೆ ತೆಗೆದಾಗ ಮುಖ ಸುಣ್ಣ ಬಳಿದ ಹಾಗಿತ್ತು. ‘ಒಳಗೆ ಯಾರೋ ಉಸಿರು ಎಳ್ಕೊಂಡ್ರು ಕಣೇ’ ಎಂದವರು, ಆವತ್ತಿನಿಂದ ಆ ಹೊತ್ತಿಗೆ ಮಂಡಿ ಹಿಡಿದುಕೊಂಡಾದರೂ ಹೊರಗೆ ಹೋಗಿಬಿಡುತ್ತಾರೆ. ಬೀರು ಮಾರು ಎಂದು ಅವರ ಹಟ, ಮಾರುವುದಿಲ್ಲ ಎಂದು ನನ್ನ ಹಟ. ಸಿಟ್ಟು ಅದಕ್ಕೇ.

ನನ್ನ ತಲೆ ಕೆಟ್ಟಿದೆ ಎಂದುಕೊಳ್ಳುವೆಯಾದರೆ ಇದನ್ನೂ ಕೇಳು. ಒಂದು ದಿನ ಗುಡುಗಪ್ಪ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು. ಈಗ ಪೊರಕೆ ಎತ್ತಲೂ ಕೈಯಲ್ಲಿ ಬಲವಿಲ್ಲ ಪಾಪ. ‘ಏನಮ್ಮಾ, ನಿಮ್ಮ ಹುಡುಗ ಮತ್ತೆ ಶುರು ಹಚ್ಕೊಂಡ್ನಾ?’ ಎಂದರು. ಅವರೇ ಸ್ವಲ್ಪ ಹೊತ್ತು ನಿಂತು ಕೇಳಿ, ‘ಪರವಾಗಿಲ್ಲ, ಊದ್ಲಿ ಬಿಡಿ, ಈಗ ಚೆನ್ನಾಗೇ ಕೇಳುತ್ತೆ’ ಎಂದು ಇಳಿದು ಹೋದರು. ಬದುಕಿನಲ್ಲಿ ಒಮ್ಮೆಯಾದರೂ ಅವರಿಂದ ಈ ಮಾತು ನಿನಗೆ ಸಿಗಲೆಂದು ಎಷ್ಟು ಆಸೆಪಟ್ಟಿದ್ದೆವು! ಅಂತೂ ಸಿಕ್ಕಿತು, ಕೇಳಲು ನೀನಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಮೊದಮೊದಲು ಹೆದರಿಕೆಯೇ ಆಗಲಿಲ್ಲ, ಸಂತೋಷವಾಯಿತು. ಸಂಜೆಯಾಗುವುದನ್ನೇ ಕಾಯುತ್ತಿದ್ದೆ. ಬಾಲ್ಯದ ನೀನು ಸಾಲಾಗಿ ಬರುತ್ತಿದ್ದೆ: ಒಂದೇ ಕಡೆ ಎಡವುತ್ತಿದ್ದ ಸ್ವರದ ಏಣಿ, ಗಂಟಲು ಒಡೆದ ವರ್ಷದ ಮುಂಗೋಪದ ಸ್ವರಗಳು, ಅಮ್ಮನಿಗೆ ದಮ್ಮು ಜೋರಾದ ದಿನಗಳ ಮೆಲುದನಿ. ಟ್ರಂಪೆಟ್ಟಿನ ಕೀಲು ಒತ್ತಿ ಒಳಗೆ ಕಟ್ಟಿಕೊಂಡ ಉಸಿರಿನ ನೀರನ್ನು ಹಲಗೆಯ ಮೇಲೆ ಚೆಲ್ಲುತ್ತಿದ್ದೆಯಲ್ಲ, ಬೈದರೂ ಬಿಡುತ್ತಿರಲಿಲ್ಲವಲ್ಲ, ಅದರ ಬಿಳಿ ಕಲೆ ಈಗ ಸಂಜೆ ಸಂಜೆ ಒದ್ದೆಯಾಗುತ್ತಿತ್ತು. ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು. ಬಟ್ಟೆಯಿಂದ ಒರೆಸಿ, ಹಳೆಯ ಅಭ್ಯಾಸ ನೋಡು, ಖಾಲಿ ಬೀರುವಿಗೇ ಒಂದು ಸಲ ಬೈದೆ.

ನೀನು ಮನೆ ಬಿಟ್ಟ ದಿನ ಊದಿದ್ದು ಕೇಳಿದಾಗ, ಇಲ್ಲಿಗೆ ಮುಗಿಯಿತು, ಇನ್ನು ಬೀರುವಿನೊಳಗೆ ಏನೂ ಉಳಿದಿಲ್ಲ ಎಂದು ಅತ್ತು ಮಲಗಿದೆ. ಮರುದಿನ ಸಂಜೆ ಹೋಟೆಲ್ ಬ್ಯಾಂಡಿನ ಹಾಡು ಬಂತು. ಅದನ್ನು ನೀನು ಈ ಮನೆಯಲ್ಲಿ ಊದಿದವನೇ ಅಲ್ಲ! ಹೆದರಿಕೆ ಶುರುವಾಗಿದ್ದು ಆಗ. ಆಮೇಲೆ ಹಡಗಿನ ವರ್ಷಗಳು ಬಂದವು. ಆಮೇಲೆ ಹಲ್ಲು ಮುರಿದ ಮೇಲಿನ ಆ ಉಸಿರು, ಆಮೇಲೆ ಒಂದೊಂದೇ ಧ್ವನಿಮುದ್ರಿಕೆ, ಒಂದೊಂದು ಸಂಜೆಗೆ ಒಂದೊಂದು ವರ್ಷ ದಾಟುತ್ತಾ. ಡ್ರಮ್ಮಿಲ್ಲ, ಪಿಯಾನೋ ಇಲ್ಲ, ಬರೀ ನೀನು, ನಡುವೆ ನೀನು ಕಾಯುವ ಆ ಮೌನಗಳು. ಇದು ಇವತ್ತಿಗೆ ಬಂದು ತಲುಪಿದರೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತಾ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ. ನಿನಗೆ ಫೋನು ಮಾಡಿದ್ದು ಆಗಲೇ.

ಮೊನ್ನೆ ಭಾನುವಾರ ತಲುಪಿತು, ತಲುಪಿ ದಾಟಿತು. ಫೋನಿನಲ್ಲಿ ನನ್ನನ್ನು ಸಮಾಧಾನ ಮಾಡಲು ಒಂದು ಹೊಸ ಹಾಡನ್ನು ಗುನುಗಿದ್ದೆಯಲ್ಲ, ‘ಶನಿವಾರ ಮೊದಲ್ನೇ ಸಲ ಊದ್ತೀನಿ ಅಕ್ಕಾ, ಯಾರಿಗೂ ಕೇಳ್ಸಿಲ್ಲ, ಕೊನೆ ಇನ್ನೂ ಕೂಡಿಬಂದಿಲ್ಲ’ ಎಂದಿದ್ದೆಯಲ್ಲ, ಅದೇ ಹಾಡು. ಕೊನೆ ಕೂಡಿಬಂದಿದೆ ಕಣೋ. ನೀನು ಇನ್ನೂ ಕಂಡುಕೊಳ್ಳದ ಕೊನೆಯನ್ನು ನಾನು ಕೇಳಿದೆ. ಅಷ್ಟು ಚೆನ್ನಾಗಿ ನೀನು ಯಾವತ್ತೂ ಊದಿಲ್ಲ. ಕೊನೆಯ ಸ್ವರ ಸವೆದು ಸವೆದು ಬರೀ ಗಾಳಿಯಾಗಿ ನಿಂತಿತು, ಆಮೇಲೆ ನಿನ್ನ ಆ ಮೌನ ಬಂತು. ಅದರ ನಂತರದ್ದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ನಿನ್ನೆ ಸೋಮವಾರ ಸಂಜೆ ಬೀರುವಿನಿಂದ ಒಂದು ಸದ್ದೂ ಬರಲಿಲ್ಲ. ಹಲಗೆ ಒಣಗಿದೆ. ಆ ಶನಿವಾರದ ಆಚೆ ಅದರೊಳಗೆ ನೀನಿಲ್ಲ.

ಬಾರೋ ಮನೆಗೆ. ಟಿಕೆಟ್ಟೆಲ್ಲ ಖರ್ಚಾಗಿದೆ, ಜನ ಏನಂದುಕೊಳ್ಳುತ್ತಾರೆ ಎಂದೆಲ್ಲ ಶುರು ಮಾಡಬೇಡ. ಜನ ಏನಾದರೂ ಅಂದುಕೊಳ್ಳಲಿ, ಅವರಿಗೆ ಟ್ರಂಪೆಟ್ ಊದುವವರು ಬೇಕಾದಷ್ಟು ಸಿಗುತ್ತಾರೆ, ನನಗೆ ಇರುವವನು ನೀನೊಬ್ಬನೇ ತಮ್ಮ. ಭಾವ ನಿನ್ನನ್ನು ಕೇಳಿದ್ದಾರೆ. ಗುಡುಗಪ್ಪನೂ ಕೇಳಿದರು, ನಂಬು. ನಿನ್ನ ಉಸಿರು ಗಟ್ಟಿಯಾಗಿರಲಿ, ನನ್ನ ಆಯುಸ್ಸೂ ನಿನಗೇ ಸೇರಲಿ.

ನಿನ್ನ ಅಕ್ಕ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಲಕೋಟೆ ಅಂಟಿಸುವ ಮುಂಚೆ ಬರೆದೇಬಿಡುತ್ತೇನೆ. ಭಾನುವಾರ ಆ ಮೌನದಲ್ಲಿ ಗೋಡೆಯ ಆ ಕಡೆಯಿಂದ ಬಡಿತ ಕೇಳಿಸಿತು. ಆ ಕೋಣೆಯಲ್ಲಿ ಯಾರೂ ಇಲ್ಲ, ಮಂಚ ತೆಗೆದು ಎಷ್ಟೋ ಕಾಲವಾಯಿತು. ಅಮ್ಮನ ಟೊಪ್ಪಿ ನನ್ನ ಬೆರಳಲ್ಲೇ ಇತ್ತು. ಆದರೂ ಅದೇ ಹಿತ್ತಾಳೆಯ ಸದ್ದು, ಒಂದು, ಎರಡು, ಮೂರು. ತಕ್ಷಣ ಬೀರುವಿನೊಳಗೆ ಟ್ರಂಪೆಟ್ಟನ್ನು ಹಲಗೆಯ ಮೇಲೆ ಟಕ್ಕೆಂದು ಇಟ್ಟೆ ನೀನು. ಇಟ್ಟು ಹೋದೆ. ಅಮ್ಮ ಕರೆದರೆ ನಿಲ್ಲುವ ಮಗನೇ ಅಲ್ಲವಲ್ಲ ನೀನು. ಜನ್ಮದಲ್ಲಿ ಮೊದಲ ಸಲ ನನಗೆ ಅಮ್ಮನ ಮೇಲೆ ಸಿಟ್ಟು ಬಂದಿದೆ. ಅಲ್ಲಿ ಒಬ್ಬಳೇ ಬೇಸರವಾಗಿರಬಹುದು, ಆಗಲಿ, ಇನ್ನೂ ಸ್ವಲ್ಪ ಕಾಲ ಕಾಯಲಿ. ನೀನು ನನ್ನ ಮಾತು ಕೇಳುವವನಲ್ಲ, ಶನಿವಾರ ವೇದಿಕೆ ಹತ್ತಿಯೇ ಹತ್ತುತ್ತೀಯ, ಅದೂ ಗೊತ್ತು. ಹಾಗಾದರೆ ಇಷ್ಟು ಮಾಡು. ಹಾಡು ಮುಗಿಸಿ ನಿಂತಾಗ ಮೂರು ಬಡಿತ ಕೇಳಿದರೆ ಟ್ರಂಪೆಟ್ ಕೆಳಗಿಡಬೇಡ, ತುಟಿಯಿಂದ ತೆಗೆಯಬೇಡ, ಒಂದು ಕ್ಷಣ ತಡೆ. ಆ ಸಂಜೆ ನಾನು ಗೋಡೆ ಬಿಟ್ಟು ಏಳುವುದಿಲ್ಲ. ಹಿಂದೆಯೇ ಎರಡು ಬಡಿತ ಕೇಳುತ್ತದೆ, ಅವಸರದ ಬಡಿತ. ಅದು ನಾನು. ಊದು.