ಬೇರೆ ಡಬ್ಬಿ

ಉದಯಗಿರಿ, ಮೈಸೂರು
6 ಜುಲೈ 2025, ಭಾನುವಾರ

ಪ್ರೀತಿಯ ತಮ್ಮ ಯೋಗಿ,

ಹೇಗಿದ್ದೀಯೋ? ಬೆರಳಿನ ಮೂಳೆ ಕೂಡಿಕೊಂಡಿತಾ? ಜೈಲಿನ ಡಾಕ್ಟರು ಪಟ್ಟಿ ಬಿಚ್ಚಿದರಾ? ಹೊಟ್ಟೆಗೆ ಸರಿಯಾಗಿ ತಿನ್ನು. ಅಲ್ಲಿನ ಸಾರು ನೀರು ನೀರು ಎಂದು ಕಳೆದ ಸಲ ಮುಖ ಸಿಂಡರಿಸಿದ್ದೆ. ನನ್ನ ಸಾರಿಗೂ ಅದೇ ಮಾತು ಅನ್ನುತ್ತಿದ್ದವನು ನೀನು, ಹಾಗಾಗಿ ನಾನು ನಂಬುವುದಿಲ್ಲ. ಅಮ್ಮನ ಮಂಡಿನೋವು ಇದ್ದಂತೆಯೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಇದನ್ನೆಲ್ಲ ಭೇಟಿಗೆ ಬಂದಾಗಲೇ ಹೇಳಬಹುದಿತ್ತು. ಆದರೆ ಜಾಲರಿಯ ಆಚೆ ನಿನ್ನ ಮುಖ ಕಂಡರೆ ನನಗೆ ಒಂದೋ ಅಳು ಬರುತ್ತದೆ, ಇಲ್ಲ ಎರಡು ಬಾರಿಸಬೇಕು ಅನ್ನಿಸುತ್ತದೆ. ಎರಡಕ್ಕೂ ಅಲ್ಲಿ ಅವಕಾಶವಿಲ್ಲ. ಈ ಕಾಗದವನ್ನು ನಿನಗಿಂತ ಮೊದಲು ಜೈಲಿನವರು ಓದುತ್ತಾರಂತೆ. ಓದಲಿ ಬಿಡು.

ಸೋದರಮಾವನ ಮಗ ವಿಜಯ್‌ಕುಮಾರ್ ಆಸ್ಪತ್ರೆಯಿಂದ ಬಂದ. ಮುಂದಿನ ಹಲ್ಲುಗಳಿಲ್ಲ, ಎಡಗಿವಿ ಕೇಳುವುದಿಲ್ಲ, ಗಂಜಿ ಕುಡಿದುಕೊಂಡಿದ್ದಾನೆ. ಅವನಿಗೆ ಏನಾಯಿತೆಂದು ಪೂರ್ತಿ ಕೇಳುವಷ್ಟು ತಾಳ್ಮೆ ನಿನಗೆ ಆವತ್ತು ಇರಲಿಲ್ಲ. ಈಗ ಪುರುಸೊತ್ತಾಗಿ ಕುಳಿತಿದ್ದೀಯಲ್ಲ, ಕೇಳು. ಪ್ಲಾಸ್ಟಿಕ್ ಕವರಿನ ಸಹವಾಸವೇ ಬೇಡ, ದಿನಸಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮನೆಗೆ ಕೊಟ್ಟು ಖಾಲಿ ಡಬ್ಬಿ ವಾಪಸ್ ತರೋಣ ಎಂದು ನೀನೂ ನಿನ್ನ ಗೆಳೆಯ ರಾಜೇಶನೂ ‘ಮರುಡಬ್ಬಿ’ ಆ್ಯಪ್ ಮಾಡಿದಿರಿ. ಯಾವ ಡಬ್ಬಿ ಯಾವ ಮನೆಯಲ್ಲಿದೆ ಎಂಬುದೂ ಫೋನಿನಲ್ಲೇ ಕಾಣುತ್ತಿತ್ತು. ಮನೆಮನೆಗೆ ಡಬ್ಬಿ ಮುಟ್ಟಿಸಿ ಬರುವ ಕೆಲಸ ವಿಜಯನದು. ನೀವಿಬ್ಬರು ಬುದ್ಧಿವಂತರು ಮರೆತದ್ದು ಒಂದೇ. ನಮ್ಮ ಹೆಂಗಸರು ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯೋ ನಾಲ್ಕು ಎಸಳು ಕರಿಬೇವೋ ಹಾಕಿಯೇ ಕೊಡುತ್ತಾರೆ. ಹಿಂದಿನ ಬೀದಿಯ ಸುಂದರಮ್ಮ, ಅವರಿಗೆ ವಿಜಯನೆಂದರೆ ಪ್ರಾಣವಲ್ಲವಾ, ಅವನು ಮನೆಗೆ ಒಯ್ಯಲಿ ಎಂದು ಒಂದು ಹಿಡಿ ಒಣಮೀನು ಹಾಕಿದ್ದರು. ಚೀಲದಲ್ಲಿ ಡಬ್ಬಿಗಳು ಅದಲುಬದಲಾಗಿ ಅದು ಅಗ್ರಹಾರದ ಒಂದು ಮನೆಗೆ ತೊಗರಿಬೇಳೆಯ ಬದಲು ಹೋಯಿತು. ಹಗುರವಾಗಿದೆಯಲ್ಲ ಎಂದು ಆ ಮನೆಯಾಕೆ ಬಾಗಿಲಲ್ಲೇ ಮುಚ್ಚಳ ತೆಗೆದರು.

‘ತಪ್ಪಾಯ್ತು ಕಣಮ್ಮ, ಈಗ್ಲೇ ಬದಲಾಯ್ಸ್ಕೊಡ್ತೀನಿ’ ಅಂದನಂತೆ ವಿಜಯ. ಅಷ್ಟರಲ್ಲಿ ಕೂಗು ಕೇಳಿ ಮೂವರು ಬಂದರು. ಹೆಸರು ಕೇಳಿದರು, ಮನೆ ಎಲ್ಲಿ ಎಂದು ಕೇಳಿದರು, ಆಮೇಲೆ ಯಾವ ಪೈಕಿ ಎಂದು ಕೇಳಿದರು. ಉತ್ತರ ಸಿಕ್ಕಿದ ಮೇಲೆ ಹೊಡೆದರು. ಅದೇ ಡಬ್ಬಿಯಿಂದ ಬಾಯಿಗೆ. ಹಲ್ಲು ಉದುರಿದ ಬಾಯಿಗೆ ಮೀನು ತುರುಕಿ, ಉಗುಳದಂತೆ ಗಲ್ಲವನ್ನು ಕಾಲಿನಿಂದ ಮೆಟ್ಟಿಕೊಂಡು ನಿಂತರು. ಕಿವಿಗೆ ಒದ್ದದ್ದು ಆಮೇಲೆ. ಹಾಡುಹಗಲು, ಅಂಗಡಿಗಳೆಲ್ಲ ತೆರೆದಿದ್ದವು. ಪೊಲೀಸರು ಹೋಗಿ ವಿಚಾರಿಸಿದರೆ ಆ ಬೀದಿಯಲ್ಲಿ ಒಬ್ಬರೂ ನೋಡಿಲ್ಲವಂತೆ.

ಇನ್ನು ನಿನ್ನ ಪುರಾಣ. ವಿಜಯ ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ರಾಜೇಶ ಆ್ಯಪಿನಲ್ಲಿ ‘ಬೇರೆ ಡಬ್ಬಿ’ ಎಂದು ಹೊಸ ಗುಂಡಿ ಸೇರಿಸಿದ್ದ. ಅದನ್ನು ಒತ್ತಿದವರಿಗೆ ನಮ್ಮಂಥವರ ಮನೆ ಹೊಕ್ಕ ಡಬ್ಬಿ ಹೋಗುವುದಿಲ್ಲ. ನಾನು ನಿಮ್ಮ ಗೋಡೌನಿನ ಮೂಲೆಯಲ್ಲಿ ಅಕ್ಕಿ ಕೇರುತ್ತಿದ್ದೆ. ನೀನು ಕೇಳಿದಾಗ ಅವನು ತಲೆಯೆತ್ತದೆ ಹೇಳಿದ: ‘ವ್ಯಾಪಾರ ಉಳೀಬೇಕಲ್ಲ ಕಣೋ. ನಿಮ್ಮನೆಗ್ ಹೋಗಿದ್ ಡಬ್ಬಿ ಅಂದ್ರೆ ನಮ್ಮಮ್ಮನೇ ಒಳಕ್ಕೆ ಸೇರ್ಸಲ್ಲ.’ ಕಾಲೇಜಿನ ದಿನಗಳಿಂದ ನಮ್ಮ ಮನೆಯಲ್ಲಿ ಮುದ್ದೆ ಮುರಿದವನು! ನೀನು ತಕ್ಕಡಿಯ ಪಕ್ಕದ ತೂಕದ ಕಲ್ಲು ಎತ್ತಿದೆ. ಮೊದಲ ಏಟಿಗೆ ನನ್ನ ಮನಸ್ಸೂ ‘ಹೊಡಿ’ ಎಂದಿತು, ಸುಳ್ಳು ಹೇಳುವುದಿಲ್ಲ. ಅವನು ಬಿದ್ದ. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಕುಳಿತು ನೀನು ಮತ್ತೆ ಹೊಡೆದೆ, ಮತ್ತೆ ಹೊಡೆದೆ, ನಿನ್ನ ಬೆರಳು ಕಲ್ಲಿನಡಿ ಸಿಕ್ಕಿ ಮುರಿದದ್ದೂ ನಿನಗೆ ಗೊತ್ತಾಗಲಿಲ್ಲ. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಜುಟ್ಟು ಹಿಡಿದು ಎಳೆದರೆ ತಿರುಗಿ ನನ್ನ ಮೇಲೂ ಕಲ್ಲು ಎತ್ತಿದೆ. ನೆನಪಿದೆಯಾ? ಆಗ ನಿನ್ನ ಮುಖ ನಿನ್ನದಾಗಿರಲಿಲ್ಲ, ಅಪ್ಪನದಾಗಿತ್ತು. ರಾಜೇಶನ ಒಂದು ಕಣ್ಣು ಹೋಯಿತು ಕಣೋ. ಇನ್ನು ಅದು ಬರುವುದಿಲ್ಲ ಎಂದಿದ್ದಾರೆ.

ಮೊನ್ನೆ ರಾಜೇಶನ ದೊಡ್ಡಪ್ಪ ಮರಿಸ್ವಾಮಿ ರಾಜಿಗೆ ಬಂದಿದ್ದರು. ಮೂಟೆ ಎಡವಿ ತಕ್ಕಡಿಯ ಮೇಲೆ ಬಿದ್ದೆ ಎಂದು ರಾಜೇಶ ಕೋರ್ಟಿನಲ್ಲಿ ಹೇಳುತ್ತಾನಂತೆ. ಇನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ನಾನು ಹಿತ್ತಲಲ್ಲಿದ್ದೆ ಎಂದುಬಿಟ್ಟರೆ ನೀನು ಮನೆಗೆ ಬರಬಹುದು. ಬದಲಿಗೆ ಆ್ಯಪ್ ಅವನದಾಗಬೇಕು, ‘ಬೇರೆ ಡಬ್ಬಿ’ ಇರಬೇಕು, ನಾವು ತಕರಾರು ಎತ್ತಬಾರದು. ಅಮ್ಮ ಆಗಲೇ ಕಾಫಿಗೆ ಇಟ್ಟಳು. ‘ನನ್ ಮಗ ಮನೆಗ್ ಬಂದ್ರೆ ಸಾಕು, ಡಬ್ಬಿ ಯಾವ್ದಾದ್ರೇನು ಬುಡವ್ವ’ ಎಂದು ನನ್ನ ಗದ್ದ ಹಿಡಿದಳು. ಮರಿಸ್ವಾಮಿ ಲೋಟ ಎತ್ತಿಕೊಳ್ಳದೆ, ‘ನಿಮ್ಮೋರ್‌ಗೂ ಡಬ್ಬಿ ಕೊಡ್ತೀವಲ್ಲಮ್ಮ, ಇಲ್ಲ ಅಂದಿದ್ದೀವಾ?’ ಎಂದರು. ನನ್ನ ಕೈಗೆ ಈಳಿಗೆ ಮಣೆ ಹೇಗೆ ಬಂತೋ ಕಾಣೆ. ಆ ಯಜಮಾನರು ಒಂದೇ ಚಪ್ಪಲಿಯಲ್ಲಿ ಓಡಿದರು. ನಗಬೇಡ. ಅಮ್ಮ ಅಡ್ಡ ಬರದಿದ್ದರೆ ನಾನೂ ಇವತ್ತು ನಿನ್ನ ಪಕ್ಕದ ಜೈಲಿನಲ್ಲಿರುತ್ತಿದ್ದೆ.

ಆಮೇಲೆ ಅಡುಗೆಮನೆಯಲ್ಲಿ ಕುಳಿತೆ. ಅಪ್ಪ ಕಾಳಯ್ಯನವರ ಕೈ ನನಗೂ ಬಂದಿದೆ. ಅವರು ಅಮ್ಮನನ್ನು ಗೋಡೆಗೆ ಅಪ್ಪಳಿಸಿದಾಗಲೆಲ್ಲ ಹಿರಿಯರು ಬಂದು ರಾಜಿ ಮಾಡಿಸುತ್ತಿದ್ದರು. ಅಮ್ಮ ಬಾತ ಮುಖದಲ್ಲೇ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ‘ಆಯ್ತು ಬುಡಿ, ಮರೆತ್ಬುಡಿ’ ಎಂದು ಅವರು ಎದ್ದು ಹೋಗುತ್ತಿದ್ದರು. ಹೊಡೆದ ಕೈಯನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ, ಅದು ಸಾಯುವತನಕ ಹೊಡೆಯಿತು. ನೀನು ಕೋಪಿಷ್ಠ, ಆದರೆ ಕೆಟ್ಟವನಲ್ಲ. ಯಾವುದಕ್ಕೆ ಸಿಟ್ಟಾದೆಯೋ ಅದು ಸರಿ, ನಾನೂ ಸಾಯುವತನಕ ಅದನ್ನೇ ಹೇಳುತ್ತೇನೆ. ಬಿದ್ದವನ ಕಣ್ಣಿಗೆ ಹೊಡೆದದ್ದು ಮಾತ್ರ ಸರಿಯಲ್ಲ.

ಹೊದಿಕೆ ಕಳಿಸಿದ್ದೇನೆ, ಇನ್ನೊಬ್ಬರಿಗೆ ಕೊಟ್ಟು ಚಳಿಯಲ್ಲಿ ಮಲಗಬೇಡ. ವಿಜಯ ನಿನ್ನನ್ನು ಕೇಳಿದ. ಸುಂದರಮ್ಮ ನಮ್ಮ ಮನೆ ಮುಂದೆ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ಅವರ ತಪ್ಪೇನಿಲ್ಲ ಎಂದು ಹೇಳಿ ಸಾಕಾಯಿತು. ದೇವರು ನಿನ್ನ ಮೈಗೆ ಬಲವನ್ನೂ ಕೈಗೆ ತಾಳ್ಮೆಯನ್ನೂ ಕೊಡಲಿ.

ನಿನ್ನ ಅಕ್ಕ,
ಮಂಜುಶ್ರೀ

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ವಿಜಯನಿಗೆ ಸಾಕ್ಷಿ ಹುಡುಕಿಕೊಂಡು ಅಗ್ರಹಾರದ ಆ ಬೀದಿಯಲ್ಲಿ ಮನೆಮನೆ ಬಾಗಿಲು ತಟ್ಟಿದೆ. ಎಲ್ಲರೂ ಮುಚ್ಚಿದರು. ಎದುರು ಮನೆಯ ಅಜ್ಜಿ ಒಬ್ಬರು ಮಾತ್ರ ಒಳಗೆ ಕೂರಿಸಿ, ಎಲ್ಲ ನೋಡಿದೆ ಎಂದರು. ಹೇಳುತ್ತೀರಾ ಎಂದು ಕೈಮುಗಿದೆ. ‘ಆ ಮೂವರಲ್ಲಿ ಒಬ್ಬ ನನ್ ಮೊಮ್ಮಗ ಕಣಮ್ಮ. ನೀನಾಗಿದ್ರೆ ಹೇಳ್ತಿದ್ದೆಯಾ?’ ಎಂದು ಕೇಳಿದರು. ನಿನ್ನೆ ಸ್ಟೇಷನ್ನಿಗೆ ಹೋಗಿ ನಿನ್ನ ಮೇಲೆ ಹೇಳಿಕೆ ಕೊಟ್ಟು ಬಂದೆ, ಯೋಗಿ. ರಾಜೇಶ ಆಡಿದ ಮಾತನ್ನೂ ಹೇಳಿದೆ, ಅವನು ಬಿದ್ದ ಮೇಲೆ ನೀನು ಹೊಡೆದದ್ದನ್ನೂ ಹೇಳಿದೆ. ಅಮ್ಮ ನನ್ನ ಕೈಯ ನೀರನ್ನೂ ಕುಡಿಯುತ್ತಿಲ್ಲ. ಭೇಟಿಯ ದಿನ ಬರುತ್ತೇನೆ. ನನ್ನ ಮುಖ ನೋಡುವುದಿಲ್ಲ ಎಂದು ಹೇಳಿ ಕಳಿಸಿದರೂ ಗೇಟು ಮುಚ್ಚುವವರೆಗೆ ಹೊರಗೆ ನಿಂತಿರುತ್ತೇನೆ.